ತೆಗೆದುಹಾಕುವುದೂ ಒಂದು ವಿದ್ಯೆ

ಹೊಸದನ್ನು ನಿರ್ಮಿಸಿದವನನ್ನು ಲೋಕವು ಕೊಂಡಾಡುತ್ತದೆ; ಬಳಕೆ ತಪ್ಪಿದುದನ್ನು ಎಚ್ಚರದಿಂದ ಕಳಚಿ ತೆಗೆದವನನ್ನು ಕೇಳುವವರೇ ಇಲ್ಲ. ಇದು ನ್ಯಾಯವಲ್ಲವೆಂಬುದಕ್ಕೆ ಲಿನಕ್ಸ್ ಎಂಬ ಗಣಕ ವ್ಯವಸ್ಥೆಯ ಇತ್ತೀಚಿನ ಚರಿತ್ರೆಯಲ್ಲಿ ಒಳ್ಳೆಯ ನಿದರ್ಶನವಿದೆ.

ಗಣಕದ ಸ್ಮೃತಿಯನ್ನು ಹಂಚುವ ಹೊಣೆಯು ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನದು. ಸ್ಮೃತಿಯು ಸಾಮಾನ್ಯವಾಗಿ 4,096 ಬೈಟುಗಳ ಪುಟಗಳಾಗಿ ವಿಭಾಗಗೊಂಡಿರುತ್ತದೆ. ಆದರೆ ಕರ್ನೆಲ್ಲಿಗೆ ಪದೇ ಪದೇ ಬೇಕಾಗುವುದು ಹತ್ತಾರು, ನೂರಾರು ಬೈಟುಗಳ ಸಣ್ಣ ತುಣುಕುಗಳು. ಪಾವಕ್ಕಿ ಕೇಳಿದವನಿಗೆ ಮೂಟೆಯನ್ನೇ ಕೊಟ್ಟರೆ ಅಂಗಡಿ ಉಳಿದೀತೆ? ಆದುದರಿಂದ ಒಂದೇ ಅಳತೆಯ ತುಣುಕುಗಳನ್ನು ಮೊದಲೇ ಅಣಿಗೊಳಿಸಿಡುವ ‘ಸ್ಲ್ಯಾಬ್’ ವಿಧಾನವನ್ನು ಜೆಫ್ ಬಾನ್‌ವಿಕ್ ಎಂಬವರು 1994ರಲ್ಲಿ ಪ್ರಕಟಿಸಿದರು. ಲಿನಕ್ಸ್ ಅದನ್ನು ತನ್ನದಾಗಿಸಿಕೊಂಡಿತು. ಮುಂದೆ ಅತ್ಯಲ್ಪ ಸ್ಮೃತಿಯ ಯಂತ್ರಗಳಿಗೆಂದು ‘ಸ್ಲಾಬ್’ 2006ರಲ್ಲಿಯೂ, ಅನೇಕ ಸಂಸ್ಕಾರಕಗಳುಳ್ಳ ದೊಡ್ಡ ಯಂತ್ರಗಳಿಗೆ ಒಪ್ಪುವಂತೆ ಕ್ರಿಸ್ಟೋಫ್ ಲ್ಯಾಮೀಟರ್ ರಚಿಸಿದ ‘ಸ್ಲಬ್’ 2007ರಲ್ಲಿಯೂ ಬಂದು ಸೇರಿದವು.

ಹೀಗೆ ಒಂದೇ ಕಾರ್ಯಕ್ಕೆ ಮೂವರು ಹೊಣೆಗಾರರಾದರು. ಯಾವ ಸುಧಾರಣೆಯನ್ನು ಮಾಡಿದರೂ ಮೂರನ್ನೂ ತಿದ್ದಿ ಪರೀಕ್ಷಿಸಬೇಕಾಯಿತು. ಅಷ್ಟೇ ಅಲ್ಲ, ತುಣುಕನ್ನು ಪಡೆದ ಬಗೆಗೆ ತಕ್ಕಂತೆ ಬೇರೆ ಬೇರೆ ಕ್ರಮದಿಂದಲೇ ಅದನ್ನು ಹಿಂದಿರುಗಿಸಬೇಕೆಂಬ ಕಟ್ಟಳೆಯು ಸ್ಲಾಬಿನ ರಚನೆಯ ಕಾರಣದಿಂದ ಕರ್ನೆಲ್ ಬರೆಯುವವರೆಲ್ಲರನ್ನೂ ಬಂಧಿಸಿತ್ತು. ಕೆಲವರೇ ಬಳಸುವ ವಸ್ತುವಿನ ಭಾರವನ್ನು ಎಲ್ಲರೂ ಹೊರುತ್ತಿದ್ದರು. 2023ರ 6.4ನೆಯ ಆವೃತ್ತಿಯಲ್ಲಿ ಸ್ಲಾಬನ್ನು ತೆಗೆದೊಡನೆ ಆ ಕಟ್ಟಳೆಯೂ ಸಡಿಲವಾಯಿತು. 2024ರ 6.8ರಲ್ಲಿ ಸುಮಾರು 4,000 ಸಾಲುಗಳ ಸ್ಲ್ಯಾಬ್ ಕೂಡ ತೆರಳಿತು. ಈ ಕಾರ್ಯದ ಮುಂದಾಳು ವ್ಲಾಸ್ಟಿಮಿಲ್ ಬಾಬ್ಕ.

“ಕೆಡದೆ ನಡೆಯುತ್ತಿರುವುದನ್ನು ಕೀಳುವುದೇಕೆ?” ಎಂಬ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಶಾಖವೊಂದು ದ್ರವವೆಂಬ ಕೆಲೋರಿಕ್ ವಾದವನ್ನು ಭೌತಶಾಸ್ತ್ರವು ಕೈಬಿಟ್ಟುದು ಅದು ತಪ್ಪೆಂದು ತಿಳಿದುದರಿಂದ. ಸ್ಲ್ಯಾಬ್ ತಪ್ಪಾಗಿರಲಿಲ್ಲ, ಅದನ್ನು ನೆಚ್ಚಿದ ಜನರೂ ಇದ್ದರು. ಇಂತಹುದನ್ನು ತೆಗೆಯುವವನಿಗೆ ಮೂರು ಕರ್ತವ್ಯಗಳುಂಟು: ಮುಂಚಿತವಾಗಿ ಸಾರುವುದು, ಬದಲಿ ಒದಗಿಸುವುದು, ಹಳೆಯದರ ದಾಖಲೆಯನ್ನು ಕಾಪಾಡುವುದು. ಇಲ್ಲಿ ಮೂರೂ ನೆರವೇರಿದವು. ಸ್ಲಾಬ್ ಹೋಗುವ ಮೊದಲೇ, 6.2ರಲ್ಲಿ, ಸಣ್ಣ ಯಂತ್ರಗಳಿಗೆಂದು ಸ್ಲಬ್ಬಿನ ಕಿರಿಯ ರೂಪವು ಸಿದ್ಧವಾಗಿತ್ತು. ಸ್ಲ್ಯಾಬಿನ ನಿರ್ಗಮನವನ್ನು 6.5ರಲ್ಲಿಯೇ ಸಾರಲಾಗಿತ್ತು, ತೆಗೆದ ಸಾಲುಗಳೆಲ್ಲ ಇಂದಿಗೂ ಕರ್ನೆಲ್ಲಿನ ಇತಿಹಾಸ ಭಂಡಾರದಲ್ಲಿ ಯಾರಾದರೂ ಓದಬಹುದಾದಂತೆ ಉಳಿದಿವೆ. ಸ್ಲಬ್ 2007ರಲ್ಲಿಯೇ ಮೊದಲ ಆಯ್ಕೆಯಾಗಿದ್ದುದರಿಂದ, ಹದಿನಾರು ವರ್ಷಗಳ ಈ ನಿರೀಕ್ಷೆಯು ತುಸು ದೀರ್ಘವೇ ಆಯಿತೆಂದು ನನ್ನ ಅಭಿಪ್ರಾಯ.

ಗಣಕಕ್ಕೆ ಕ್ರಮವಿಧಿ ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗಳು ಸಾಲುಗಳ ಸಂಖ್ಯೆಯನ್ನೇ ಸಾಧನೆಯೆಂದು ಎಣಿಸಬಾರದು. ತಾವು ಬರೆದ ಪ್ರತಿಯೊಂದು ಭಾಗವನ್ನೂ ಕುರಿತು “ಇದು ಇನ್ನೂ ಯಾರಿಗೆ ಬೇಕು? ಇದರ ಭಾರವನ್ನು ಹೊರುವವರು ಯಾರು?” ಎಂದು ಆಗಾಗ್ಗೆ ಕೇಳಿಕೊಳ್ಳಲಿ. ಎರಡಕ್ಕೂ ಉತ್ತರ ದೊರೆತ ಮೇಲೆ ತೆಗೆಯಲು ಅಂಜಬೇಕಾಗಿಲ್ಲ.