ಒಂದು ಗೇಟಿನ ಗುಟ್ಟು, ಇನ್ನೊಂದು ಗೇಟಿನಲ್ಲಿ



ಹೋದ ತಿಂಗಳು ಒಂದು ರಾತ್ರಿ ನಮ್ಮ ಹುಡುಗ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ. ಬಿಸಿಬೇಳೆಭಾತು ಅವನು ಬೇಡವೆನ್ನುವ ಪದಾರ್ಥವೇ ಅಲ್ಲ. "ಏನಾಯ್ತೋ?" ಅಂದೆ.

"ಎರಡು ವರ್ಷದ ಹಿಂದೆ ನಾನೇ ಬರೆದ ಕೋಡಿನಲ್ಲಿ ತಪ್ಪಿದೆ ಅಮ್ಮ. ಪಾಸ್‌ವರ್ಡು ಹೋಗಬಾರದ ಕಡೆಗೆ ಹೋಗ್ತಿದೆ. ಯಾರಿಗೂ ಗೊತ್ತಿಲ್ಲ. ಸದ್ದಿಲ್ಲದೆ ಸರಿಮಾಡಿಬಿಡಲಾ?"

ನಾನು ಓದಿದ್ದು ಇಂಗ್ಲಿಷ್ ಬಿ.ಎ. ಕ್ರೆಡೆನ್ಷಿಯಲ್ ಎಂಬ ಪದದ ಬೇರು ಲ್ಯಾಟಿನ್ನಿನಲ್ಲಿ ನಂಬು ಎಂಬ ಅರ್ಥದ ಮಾತು ಎಂಬುದಷ್ಟೇ ನನ್ನ ಪಾಂಡಿತ್ಯ. ಉಳಿದದ್ದನ್ನು ಅವನೇ ಹೇಳಿದ. ನನ್ನ ತಲೆಗೆ ಹತ್ತಿದ್ದು ಹೀಗೆ.

ಚಕ್ಕುಲಿ ಡಬ್ಬಿ ಕೊಟ್ಟು ಒಬ್ಬ ಹುಡುಗನನ್ನು ಇಲ್ಲೇ ಫರೀದಾಬಾದಿನ ಸೆಕ್ಟರ್ 15ಕ್ಕೆ ಕಳಿಸುತ್ತೇನೆ ಅನ್ನಿ. ಯಾವ ಗೇಟಿನಲ್ಲಿ ಯಾವ ಗುಟ್ಟಿನ ಮಾತು ಹೇಳಬೇಕೆಂದು ಚೀಟಿ ಬರೆದು ಕೊಟ್ಟಿದ್ದೇನೆ. ಅಲ್ಲಿಯ ಚೌಕೀದಾರ "ಅವರು ಸೆಕ್ಟರ್ 21ಕ್ಕೆ ಹೋದರು, ಅಲ್ಲಿಗೆ ಹೋಗು" ಅನ್ನುತ್ತಾನೆ. ಚೀಟಿಯಲ್ಲಿ ಸೆಕ್ಟರ್ 21ರ ಹೆಸರಿದೆ, ಮುಂದೆ ಗುಟ್ಟಿನ ಮಾತಿಲ್ಲ. ಹುಡುಗ ಅತಿ ಚುರುಕು. ಹದಿನೈದರ ಮಾತನ್ನೇ ಅಲ್ಲೂ ಹೇಳಿಬಿಡುತ್ತಾನೆ! ಈಗ ಆ ಚೌಕೀದಾರನಿಗೆ ಬೇರೆಯವರ ಗೇಟಿನ ಗುಟ್ಟು ಗೊತ್ತಾಯಿತು.

ಕರ್ಲ್ ಎಂಬ ತಂತ್ರಾಂಶದಲ್ಲಿ ಆದದ್ದೂ ಇದೇ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಆ ಹೆಸರಿನಿಂದ ಹೊರತಂದ ಇದು ಇಂದು ಫೋನು, ಟಿವಿ, ಕಾರುಗಳ ಒಳಗೂ ಇದೆ. ಅದು ಓದುವ ಚೀಟಿಗೆ ನೆಟ್‌ಆರ್‌ಸಿ ಕಡತ ಎಂದು ಹೆಸರು. ಚೀಟಿಯಲ್ಲಿ ಎರಡನೆಯ ಸರ್ವರಿನ ಪಾಸ್‌ವರ್ಡು ಬರೆದಿರದಿದ್ದರೆ ಮೊದಲನೆಯದರ ಪಾಸ್‌ವರ್ಡನ್ನೇ ಅಲ್ಲಿಗೆ ಕೊಟ್ಟುಬಿಡುವ ಸಂದರ್ಭವಿತ್ತು. ಎರಡು ದಶಕಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಎಷ್ಟು ಜಾಣರು ಆ ಸಾಲುಗಳನ್ನು ಓದಿರಬೇಡ! 2024ರ ಡಿಸೆಂಬರಿನಲ್ಲಿ 8.11.1ನೇ ಆವೃತ್ತಿಯಲ್ಲಿ ಸರಿಮಾಡಿದರು. ಅಲ್ಲಿಗೂ ಮುಗಿಯಲಿಲ್ಲ. ಹೆಸರಿಲ್ಲದ ಎಲ್ಲರಿಗೂ ಅನ್ವಯಿಸುವ 'ಡಿಫಾಲ್ಟ್' ಎಂಬ ಸಾಲು ಚೀಟಿಯಲ್ಲಿದ್ದು, ಅದರ ಮುಂದೆ ಏನೂ ಬರೆದಿರದಿದ್ದರೆ ಮತ್ತೆ ಅದೇ ಸೋರಿಕೆ. 2025ರ ಫೆಬ್ರವರಿಯಲ್ಲಿ 8.12.0 ಬಂತು. ಎರಡು ಸಲವೂ ಅಪಾಯ ಕಡಿಮೆ ಎಂದೇ ಕರ್ಲ್ ತಂಡ ತೂಗಿತು. ಆದರೂ ಯಾವ ಆವೃತ್ತಿಯಿಂದ ಯಾವ ಆವೃತ್ತಿಯವರೆಗೆ ತಪ್ಪಿತ್ತು, ಏನು ಮಾಡಬೇಕು ಎಂಬುದನ್ನೆಲ್ಲ ಎಲ್ಲರೂ ಓದುವಂತೆ ಪ್ರಕಟಿಸಿತು.

"ಅವರು ದೊಡ್ಡವರು, ನಡೆಯುತ್ತೆ. ನನ್ನನ್ನು ಕೆಲಸದಿಂದ ತೆಗೆದರೆ?" ಅಂದ ನಮ್ಮವನು.

ಮನೆಯ ಕಂತು ಇನ್ನೂ ಒಂಬತ್ತು ವರ್ಷ ಇದೆ. ನನಗೂ ಎದೆ ಝಲ್ಲೆಂದಿತು, ಸುಳ್ಳು ಯಾಕೆ ಹೇಳಲಿ? ಸುಮ್ಮನೆ ಸರಿಮಾಡೋ ಅನ್ನಲು ಬಾಯಿ ತೆರೆದೆ ಕೂಡ. ಆದರೆ ಚೌಕೀದಾರ ಕೇಳಿಸಿಕೊಂಡ ಮಾತನ್ನು ಅವನ ಕಿವಿಯಿಂದ ವಾಪಸು ತೆಗೆಯಲಾಗುತ್ತದೆಯೆ? ಕೋಡು ಸರಿಯಾದರೆ ನಾಳೆಯಿಂದ ಸೋರುವುದಿಲ್ಲ, ಸರಿ. ನಿನ್ನೆಯವರೆಗೆ ಸೋರಿದ್ದಕ್ಕೆ ಪಾಸ್‌ವರ್ಡಿನ ಒಡೆಯರೇ ಅದನ್ನು ಬದಲಾಯಿಸಬೇಕು. ಯಾರೂ ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ?

ಇದನ್ನೇ ಕೇಳಿದೆ. ಅವನು ಉತ್ತರ ಕೊಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಮೇಲಧಿಕಾರಿಗೆ ಪತ್ರ ಬರೆದು, ಕಳಿಸುವ ಮುಂಚೆ ಇಂಗ್ಲಿಷ್ ತಿದ್ದಿಕೊಡು ಎಂದು ನನಗೆ ತೋರಿಸಿದ. "ತಪ್ಪು ನುಸುಳಿದೆ" ಎಂಬರ್ಥದ ವಾಕ್ಯವಿತ್ತು. "ನಾನು ತಪ್ಪು ಮಾಡಿದೆ" ಎಂದು ಬದಲಾಯಿಸಿಸಿದೆ.

ಬೆಳಿಗ್ಗೆ ಮೇಲಧಿಕಾರಿಯಿಂದ ಬಂದ ಉತ್ತರದಲ್ಲಿ ಬೈಗುಳ ಒಂದು ಸಾಲು, ಕೆಲಸ ನಾಲ್ಕು ಸಾಲು: ಗ್ರಾಹಕರಿಗೆ ತಿಳಿಸುವ ಸೂಚನೆ ನೀನೇ ಬರೆ, ಈ ತಪ್ಪು ಮರುಕಳಿಸಿದರೆ ಹಿಡಿಯುವ ಪರೀಕ್ಷೆಯನ್ನೂ ಬರೆ. ಪಾಸ್‌ವರ್ಡ್ ಇಲ್ಲದ ಸಾಲು, ಡಿಫಾಲ್ಟ್ ಸಾಲು ಎರಡನ್ನೂ ಸೇರಿಸಿ ಬರೆಯುತ್ತ ಕೂತಿದ್ದಾನೆ. ರಾತ್ರಿ ಉಳಿದ ಭಾತನ್ನು ಬಿಸಿಮಾಡಿ ಪಕ್ಕದಲ್ಲಿಟ್ಟು ಬಂದಿದ್ದೇನೆ.