ಅಧ್ಯಕ್ಷರನ್ನು ಇಳಿಸಿದ ವಿದ್ಯಾರ್ಥಿಗಳಿಗೆ ಕೊನೆಗೆ ಸಿಕ್ಕಿದ್ದೇನು?

ಅಮೆರಿಕದ ಕಾಲೇಜುಗಳಲ್ಲಿ 'ವೈವಿಧ್ಯ' ಅನ್ನೋ ಪದವೇ ಈಗ ಅಪರಾಧದ ಹಾಗಾಗಿದೆ. ಕಚೇರಿಗಳು ಮುಚ್ಚುತ್ತಿವೆ, ಬೋರ್ಡುಗಳು ಬದಲಾಗುತ್ತಿವೆ. ಎಲ್ಲವನ್ನೂ ಟ್ರಂಪ್ ತಲೆಗೆ ಕಟ್ಟಿ ಸುಮ್ಮನಾಗೋದು ಸುಲಭ. ಆದರೆ ಈ ಜಗಳದ ಒಂದು ಮುಖ್ಯ ಅಧ್ಯಾಯ ನಡೆದದ್ದು ಒಬಾಮ ಇನ್ನೂ ಅಧಿಕಾರದಲ್ಲಿದ್ದಾಗ, 2015ರಲ್ಲಿ, ಮಿಸೌರಿ ವಿಶ್ವವಿದ್ಯಾಲಯದ ಕೊಲಂಬಿಯಾ ಕ್ಯಾಂಪಸ್ಸಿನಲ್ಲಿ.

ಆ ಕತೆಯ ಜನಪ್ರಿಯ ಆವೃತ್ತಿ ಚಿಕ್ಕದು. ಫುಟ್‌ಬಾಲ್ ತಂಡದ ಕಪ್ಪು ಆಟಗಾರರು ಆಡಲ್ಲ ಅಂದ್ರು, ಸುಮಾರು 36 ಗಂಟೆಯಲ್ಲಿ ವಿವಿ ಅಧ್ಯಕ್ಷ ಟಿಮ್ ವುಲ್ಫ್ ರಾಜೀನಾಮೆ ಕೊಟ್ರು. ಇದು ಸುಳ್ಳಲ್ಲ. ಆದರೆ ಇಷ್ಟನ್ನೇ ಹೇಳಿದರೆ ಹಿಂದಿನ ಎಂಬತ್ತು ವರ್ಷಗಳೂ ಮಾಯ, ಮುಂದಿನ ಹತ್ತು ವರ್ಷಗಳೂ ಮಾಯ.

ಚಳವಳಿಯ ಹೆಸರು 'ಕನ್ಸರ್ನ್ಡ್ ಸ್ಟೂಡೆಂಟ್ 1950'. 1950 ಅಂದರೆ ಈ ವಿವಿ ಮೊದಲ ಬಾರಿಗೆ ಕಪ್ಪು ವಿದ್ಯಾರ್ಥಿಗಳನ್ನು ಒಳಗೆ ಬಿಟ್ಟ ವರ್ಷ. ಅದಕ್ಕೂ ಮೊದಲು ಲಾಯ್ಡ್ ಗೇನ್ಸ್ ಎಂಬ ಯುವಕ ಇಲ್ಲಿ ಕಾನೂನು ಓದಲು ಅರ್ಜಿ ಹಾಕಿದ್ದ. ಬಣ್ಣದ ಕಾರಣಕ್ಕೆ ತಿರಸ್ಕರಿಸಿದರು. 1938ರಲ್ಲಿ ಸುಪ್ರೀಂ ಕೋರ್ಟ್ ಅವನ ಪರವಾಗಿ ತೀರ್ಪು ಕೊಟ್ಟಿತು. ರಾಜ್ಯ ಏನು ಮಾಡಿತು ಗೊತ್ತಾ? ತನ್ನ ಬಾಗಿಲು ತೆರೆಯುವ ಬದಲು ಸೇಂಟ್ ಲೂಯಿಸ್‌ನ ಹಳೇ ಬ್ಯೂಟಿ ಸ್ಕೂಲ್ ಕಟ್ಟಡವೊಂದರಲ್ಲಿ ಕರಿಯರಿಗೆಂದೇ ಬೇರೆ ಕಾನೂನು ಶಾಲೆ ತೆರೆಯಿತು. 1939ರ ಮಾರ್ಚ್‌ನಲ್ಲಿ ಷಿಕಾಗೋದಲ್ಲಿದ್ದ ಗೇನ್ಸ್ ನಾಪತ್ತೆಯಾದ. ಇವತ್ತಿಗೂ ಸುಳಿವಿಲ್ಲ. 2006ರಲ್ಲಿ ವಿವಿ ಅವನಿಗೆ ಗೌರವ ಪದವಿ ಕೊಟ್ಟಿತು. ಸೀಟು ಕೊಡದವರು ಪದವಿ ಕೊಟ್ಟರು.

ಇನ್ನು 2015. ವಿದ್ಯಾರ್ಥಿ ಸಂಘದ ಕಪ್ಪು ಅಧ್ಯಕ್ಷನಿಗೇ ಪಿಕಪ್ ಟ್ರಕ್ಕಿನಿಂದ ಜನಾಂಗೀಯ ಬೈಗುಳ. ಆಮೇಲೆ ಕಪ್ಪು ವಿದ್ಯಾರ್ಥಿಗಳ ತಾಲೀಮಿಗೆ ಕುಡಿದು ನುಗ್ಗಿದವನಿಂದ ಮತ್ತೊಮ್ಮೆ ಅದೇ. ಅಕ್ಟೋಬರ್ 10ರ ಹೋಮ್‌ಕಮಿಂಗ್ ಮೆರವಣಿಗೆಯಲ್ಲಿ 11 ವಿದ್ಯಾರ್ಥಿಗಳು ವುಲ್ಫ್ ಕಾರಿಗೆ ಅಡ್ಡ ನಿಂತು ಮೆಗಾಫೋನ್ ಹಿಡಿದು ಈ ಇತಿಹಾಸವನ್ನೆಲ್ಲ ಹೇಳಿದರು. ಅವರು ಕಾರಿನಿಂದ ಇಳಿಯಲೇ ಇಲ್ಲ. ಸಾಫ್ಟ್‌ವೇರ್ ಕಂಪನಿಯ ದೊಡ್ಡ ಹುದ್ದೆಯಿಂದ ವಿವಿಗೆ ಬಂದವರು ವುಲ್ಫ್. ಕ್ಯಾಂಪಸ್ಸಿನ ಸಿಟ್ಟನ್ನೂ ಕಸ್ಟಮರ್ ಕಂಪ್ಲೇಂಟ್ ಥರ ನೋಡಿದರು ಅನ್ಸತ್ತೆ. ವ್ಯವಸ್ಥಿತ ದಬ್ಬಾಳಿಕೆ ಅಂದ್ರೇನು ಅಂತ ವಿದ್ಯಾರ್ಥಿಗಳು ಮುಖಾಮುಖಿ ಕೇಳಿದಾಗ ಅವರು ಕೊಟ್ಟ ಉತ್ತರದ ಸಾರ: ಸಮಾನ ಅವಕಾಶ ಇಲ್ಲ ಅಂತ ನೀವು ನಂಬೋದೇ ಅದಕ್ಕೆ ಕಾರಣ. ಅಂದರೆ ಏಟು ಬಿದ್ದದ್ದಲ್ಲ, ನೋವಾಯ್ತು ಅಂದದ್ದೇ ತಪ್ಪು!

ಆ ಹೊತ್ತಿಗೆ ಜೊನಾಥನ್ ಬಟ್ಲರ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿ ನವೆಂಬರ್ 2ರಿಂದ ಉಪವಾಸ ಕೂತಿದ್ದ, ಹುಲ್ಲುಹಾಸಿನ ಮೇಲೆ ಗುಡಾರಗಳು ಎದ್ದಿದ್ದವು. ವಿವಿ ಕದಲಲಿಲ್ಲ. 7ರ ರಾತ್ರಿ ಸುಮಾರು 30 ಕಪ್ಪು ಆಟಗಾರರು ವುಲ್ಫ್ ಹೋಗುವವರೆಗೂ ಮೈದಾನಕ್ಕೆ ಇಳಿಯಲ್ಲ ಎಂದರು. ಕೋಚ್ ಗ್ಯಾರಿ ಪಿಂಕೆಲ್ ಬೆಂಬಲಕ್ಕೆ ನಿಂತರು.

ನಮಗೆ ಇದು ಸುಲಭಕ್ಕೆ ಅರ್ಥವಾಗಲ್ಲ. ನಮ್ಮ ವಿವಿಗಳಲ್ಲಿ ಕ್ರೀಡಾ ವಿಭಾಗ ಅಂದ್ರೆ ಮೂಲೆಯ ಒಂದು ಕೋಣೆ. ಅಲ್ಲಿ ವಿವಿಯದ್ದೇ ಸ್ಟೇಡಿಯಂನಲ್ಲಿ 2015ರಲ್ಲಿ ಸುಮಾರು 70 ಸಾವಿರ ಜನ ಕೂರಬಹುದಿತ್ತು. ನಮ್ಮ ಚಿನ್ನಸ್ವಾಮಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಕೋಚ್ ಸಂಬಳ ಆಗ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್ ಇತ್ತು. ಆಡುವ ಹುಡುಗರಿಗೆ ಆಗ ಸ್ಕಾಲರ್‌ಶಿಪ್ ಬಿಟ್ಟರೆ ಸಂಬಳ ಇರಲಿಲ್ಲ. ಮುಂದಿನ ಶನಿವಾರದ ಪಂದ್ಯ ರದ್ದಾದರೆ ವಿವಿ 10 ಲಕ್ಷ ಡಾಲರ್ ದಂಡ ಕಟ್ಟಬೇಕಿತ್ತು. ಒಬ್ಬ ವಿದ್ಯಾರ್ಥಿಯ ಹಸಿವಿಗೆ ಬೆಲೆ ಇರಲಿಲ್ಲ, ಪಂದ್ಯಕ್ಕಿತ್ತು. ಸೋಮವಾರ ಬೆಳಿಗ್ಗೆ ವುಲ್ಫ್ ಹೋದರು. ಕ್ಯಾಂಪಸ್ಸಿನ ಮುಖ್ಯಸ್ಥ ಲಾಫ್ಟಿನ್ ಕೂಡ ಅದೇ ದಿನ ಹುದ್ದೆ ಬಿಡುವುದಾಗಿ ಹೇಳಿದರು.

ಇದಾಗಿ ಎರಡು ತಿಂಗಳಿಗೆ ಹೈದರಾಬಾದ್ ವಿವಿಯಲ್ಲಿ ಹಾಸ್ಟೆಲ್‌ನಿಂದ ಹೊರಹಾಕಲ್ಪಟ್ಟು ಬಯಲಲ್ಲಿ ಮಲಗಿದ್ದ ಐವರು ದಲಿತ ವಿದ್ಯಾರ್ಥಿಗಳಲ್ಲಿ ಒಬ್ಬರಾದ ರೋಹಿತ್ ವೇಮುಲ ತೀರಿಕೊಂಡರು. ಇಡೀ ದೇಶದ ಕ್ಯಾಂಪಸ್ಸುಗಳು ಎದ್ದವು. ರಜೆಯ ಮೇಲೆ ಹೋದ ಕುಲಪತಿ ಮಾರ್ಚ್‌ನಲ್ಲಿ ಮತ್ತೆ ಕುರ್ಚಿಗೆ ಬಂದರು. ಅಲ್ಲಿ ನಿಲ್ಲಿಸಲು ಯಾವ ಪಂದ್ಯವೂ ಇರಲಿಲ್ಲ.

ಹಾಗಾದ್ರೆ ಮಿಸೌರಿಯವರು ಗೆದ್ದರಾ? ಬೇಡಿಕೆಗಳ ಪಟ್ಟಿ ನೋಡಿ. ಅಧ್ಯಕ್ಷರ ಪದಚ್ಯುತಿ ಅದರಲ್ಲಿ ಒಂದು ಮಾತ್ರ. ಕಪ್ಪು ಬೋಧಕ-ಸಿಬ್ಬಂದಿ ಪ್ರಮಾಣ 2017-18ರೊಳಗೆ ಶೇ 10 ಆಗಬೇಕು ಎಂಬುದಿತ್ತು. ಆಗ ಬೋಧಕರಲ್ಲಿ ಅದು ಶೇ 3ರ ಆಸುಪಾಸು. ಅದು ಆಗಲಿಲ್ಲ. ನನ್ನ ಕಣ್ಣಿಗೆ ಬೀಳೋದು ಮೂರನೇ ಬೇಡಿಕೆ: 1969ರಲ್ಲಿ 'ಲೀಜನ್ ಆಫ್ ಬ್ಲ್ಯಾಕ್ ಕಾಲೇಜಿಯನ್ಸ್' ಕೊಟ್ಟ ಬೇಡಿಕೆಗಳನ್ನು ಈಗಲಾದರೂ ಈಡೇರಿಸಿ. 46 ವರ್ಷದ ಹಳೇ ಅರ್ಜಿ! ವುಲ್ಫ್ ಜಾಗಕ್ಕೆ ಹಂಗಾಮಿಯಾಗಿ ಬಂದ ಮೈಕಲ್ ಮಿಡಲ್ಟನ್ ಅದೇ ಸಂಘಟನೆಯ ಸ್ಥಾಪಕರಲ್ಲಿ ಒಬ್ಬರು. ಹುಡುಗನಾಗಿ ಅರ್ಜಿ ಕೊಟ್ಟವರು ನಿವೃತ್ತಿಯ ನಂತರ ಅದೇ ಅರ್ಜಿ ಸ್ವೀಕರಿಸುವ ಕುರ್ಚಿಯಲ್ಲಿ ಕೂತರು. ಸಂಸ್ಥೆಗೆ ಒಬ್ಬ ಮನುಷ್ಯನನ್ನು ಬಲಿ ಕೊಡೋದು ಅಗ್ಗ, ನೇಮಕಾತಿ ಬದಲಿಸೋದು ದುಬಾರಿ.

ಎದುರೇಟು ತಡ ಮಾಡಲಿಲ್ಲ. ಡಿಸೆಂಬರ್‌ನಲ್ಲೇ ಒಬ್ಬ ಶಾಸಕ, ಆಡಲು ನಿರಾಕರಿಸಿದ ಆಟಗಾರರ ಸ್ಕಾಲರ್‌ಶಿಪ್ ಕಿತ್ತುಕೊಳ್ಳುವ ಮಸೂದೆ ತಂದ. ಟೀಕೆ ಬಂದು ಹಿಂತೆಗೆದ, ಆದರೆ ಸಂದೇಶ ಮುಟ್ಟಿತ್ತು. ಮುಂದಿನ ಎರಡು ವರ್ಷದಲ್ಲಿ ಮೊದಲ ವರ್ಷದ ದಾಖಲಾತಿ ಶೇ 35ಕ್ಕೂ ಹೆಚ್ಚು ಕುಸಿಯಿತು. 'ಪ್ರತಿಭಟನೆ ವಿವಿಯನ್ನು ಹಾಳು ಮಾಡಿತು' ಅನ್ನೋ ಮಾತಿಗೆ ಈ ಅಂಕಿಯೇ ಸಾಕ್ಷಿಯಾಯ್ತು. ಆದರೆ ಕುಸಿತ ಬಿಳಿಯರಿಗಿಂತ ಕಪ್ಪು ವಿದ್ಯಾರ್ಥಿಗಳಲ್ಲೇ ಹೆಚ್ಚಿತ್ತು. ಪ್ರತಿಭಟನೆಗೆ ಹೆದರಿದವರಷ್ಟೇ ಅಲ್ಲ, ಅದಕ್ಕೆ ಕಾರಣವಾದ ಕ್ಯಾಂಪಸ್ಸಿಗೆ ಹೆದರಿದವರೂ ಬೇರೆ ಕಡೆ ಹೋದರು ಅಂತ ಓದಬಾರದೇಕೆ?

2023ರಲ್ಲಿ ಸುಪ್ರೀಂ ಕೋರ್ಟ್ ಪ್ರವೇಶಾತಿಯಲ್ಲಿ ಜನಾಂಗ ಪರಿಗಣಿಸುವುದನ್ನು ತಡೆಯಿತು. 2024ರಲ್ಲಿ ಮಿಸೌರಿ ತನ್ನ ವೈವಿಧ್ಯ ವಿಭಾಗವನ್ನೇ ವಿಸರ್ಜಿಸಿತು. ಅದೇ ವರ್ಷ ಲೀಜನ್‌ನವರು ಹೊಸ ವಿದ್ಯಾರ್ಥಿಗಳಿಗೆ ನಡೆಸುವ 'ವೆಲ್ಕಮ್ ಬ್ಲ್ಯಾಕ್' ಔತಣದ ಹೆಸರು ಬದಲಿಸಲು ಹೇಳಿದರು. ವಿವಿಯ ಬಣ್ಣಗಳು ಕಪ್ಪು ಮತ್ತು ಚಿನ್ನ. ಹೊಸ ಹೆಸರು: 'ವೆಲ್ಕಮ್ ಬ್ಲ್ಯಾಕ್ ಅಂಡ್ ಗೋಲ್ಡ್'.

ಮತ್ತೆ ಅದೇ ಫುಟ್‌ಬಾಲ್ ಅಸ್ತ್ರ ಬಳಸಬಹುದಾ? ಲೆಕ್ಕ ಬದಲಾಗಿದೆ. 2025ರ ಜುಲೈಯಿಂದ ವಿವಿಗಳು ಕ್ರೀಡಾಪಟುಗಳಿಗೆ ನೇರವಾಗಿ ಹಣ ಕೊಡಬಹುದು, ಒಂದೊಂದು ವಿವಿ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ. ಇಷ್ಟವಿಲ್ಲದ ಆಟಗಾರ ಸುಲಭವಾಗಿ ಬೇರೆ ತಂಡಕ್ಕೂ ಹೋಗಬಹುದು. ಬರಿಗೈಲಿ ಆಡುತ್ತಿದ್ದ 30 ಹುಡುಗರಿಗೆ ಕಳೆದುಕೊಳ್ಳಲು ಸ್ಕಾಲರ್‌ಶಿಪ್ ಇತ್ತು. ಇವತ್ತಿನವರಿಗೆ ಕಾಂಟ್ರ್ಯಾಕ್ಟ್ ಇದೆ. ಕೂಲಿ ಪಡೆಯುವವನಿಗೆ ಮುಷ್ಕರ ಹೂಡುವ ತಾಕತ್ತು ಹೆಚ್ಚೋ ಕಡಿಮೆಯೋ ಅನ್ನೋದು ಹಳೇ ಕಾರ್ಮಿಕ ಸಂಘದ ಪ್ರಶ್ನೆ. ಅದೀಗ ಕಾಲೇಜು ಮೈದಾನಕ್ಕೂ ಬಂದಿದೆ.