ಅಳಿಸಬೇಡ ಕಣಮ್ಮಿ!

ಪುಣಜನೂರು ಚೆಕ್‌ಪೋಸ್ಟಿನ ಬಳಿ ಬಸ್ಸಿಳಿದು ಟೀ ಅಂಗಡಿಯಲ್ಲಿ ಕೂತಿದ್ದೆ. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೈಲಿದ್ದ ಪತ್ರಿಕೆ ನೋಡಿ ಅಂಗಡಿಯಾಕೆ, "ನೀವು ಸಿನಿಮಾದೋರಾ?" ಅಂದರು. ಬರೆಯೋಳು ಅಷ್ಟೇ ಅಂದೆ. ಅಷ್ಟು ಸಾಕಾಯ್ತು ನೋಡಿ! ಒಳಗಿಂದ ಮಗಳನ್ನ ಕರೆದು, "ಇವಳ್ಗೆ ವಸಿ ಬುದ್ಧಿ ಹೇಳವ್ವ" ಅಂದೇಬಿಟ್ಟರು.

ಹುಡುಗಿ ಇನ್‌ಸ್ಟಾಗ್ರಾಂನಲ್ಲಿ ಜನಪದ ಗೀತೆ ಹಾಡಿ ಹಾಕುತ್ತಾಳೆ. ಅದನ್ನು ಕೇಳಿಯೇ ಎರಡು ಮದುವೆಗೆ ಕರೆ ಬಂದು ಕೈಗೆ ನಾಲ್ಕು ಕಾಸೂ ಸಿಕ್ಕಿದೆ. ಈಗ ಯಾವನೋ ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಕಳಿಸುತ್ತಿದ್ದಾನೆ. ಫೋನೇ ಒಡೆದುಹಾಕ್ತೀನಿ ಅಂತಾನೆ ಅಣ್ಣ.

"ಅವನು ಬರೆದದ್ದೆಲ್ಲಿ?"

"ಎಲ್ಲಾ ಅಳಿಸ್ಬುಟ್ಟೆ ಅಕ್ಕ."

ಅಯ್ಯೋ, ನಾನೂ ಹಾಗೇ ಮಾಡಿದವಳು! ಪಿಯುಸಿ ಅರ್ಧಕ್ಕೆ ಬಿಟ್ಟು ಲೇಖನಿ ಹಿಡಿದ ಹೊಸತು. ಒಂದು ಚಿತ್ರ ಹಿಡಿಸಲಿಲ್ಲ ಅಂತ ಫೇಸ್‌ಬುಕ್ಕಿನಲ್ಲಿ ಬರೆದೆ. ನಾಯಕನ ಅಭಿಮಾನಿಗಳು ನನ್ನ ಹೆತ್ತಮ್ಮನನ್ನೂ ಬಿಡಲಿಲ್ಲ. ರಾತ್ರೋರಾತ್ರಿ ಖಾತೆ ಮುಚ್ಚಿದೆ. ಬೈದವರು ಹಾಯಾಗಿದ್ದಾರೆ. (ಚಿತ್ರದ ಹೆಸರು ಕೇಳಬೇಡಿ ಸ್ವಾಮಿ, ಮತ್ತೆ ಬೈಸಿಕೊಳ್ಳುವ ಶಕ್ತಿಯಿಲ್ಲ!)

ಅವಳಿಗೆ ರಮ್ಯಾ ಕಥೆ ಹೇಳಿದೆ. ಇಲ್ಲೇ ಹತ್ತಿರದ ಗಾಜನೂರಿನ ಸೊಸೆ ಪಾರ್ವತಮ್ಮ ರಾಜ್‌ಕುಮಾರ್ 2003ರಲ್ಲಿ 'ಅಭಿ' ಚಿತ್ರದಿಂದ ಬೆಳ್ಳಿತೆರೆಗೆ ತಂದ ನಟಿ. 2025ರ ಜುಲೈನಲ್ಲಿ ರೇಣುಕಾಸ್ವಾಮಿ ಕೊಲೆ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದ್ದಾಗ ಈಕೆ ನ್ಯಾಯದ ಪರ ಎರಡು ಮಾತು ಬರೆದರು. ಆರೋಪಿ ನಟ ದರ್ಶನ್ ಅಭಿಮಾನಿಗಳೆಂಬವರಿಂದ ಹೊಲಸು ಸಂದೇಶಗಳ ಸುರಿಮಳೆ! ರಮ್ಯಾ ಅವನ್ನು ಮುಚ್ಚಿಡಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ತಮ್ಮ ಖಾತೆಯಲ್ಲೇ ಲೋಕಕ್ಕೆ ತೋರಿಸಿದರು. ಜುಲೈ 28ರಂದು ಬೆಂಗಳೂರು ಪೊಲೀಸ್ ಕಮಿಷನರ್ ಬಳಿ ಹೋಗಿ 43 ಖಾತೆಗಳ ಮೇಲೆ ದೂರು ಕೊಟ್ಟರು. ಸುಳ್ಳು ಹೆಸರಿನ ಹಿಂದೆ ಅಡಗಿದ್ದವರಲ್ಲಿ ಹಲವರು ಸಿಕ್ಕಿಬಿದ್ದರು.

"ಅವರು ಎಂಪಿ ಆಗಿದ್ದೋರು ಕಣವ್ವ, ನಮ್ ಮಾತು ಯಾರ್ ಕೇಳಾರು?" ಅಂದರು ತಾಯಿ.

ಸರಿಯಾದ ಪ್ರಶ್ನೆಯೇ. ಆ ವೇಗ ನಮಗೂ ಸಿಗುತ್ತೆ ಅಂತ ನಾನು ಸುಳ್ಳು ಹೇಳಲಿಲ್ಲ. ಆದರೆ ಚಾಮರಾಜನಗರದಲ್ಲೂ ಸೈಬರ್ ಅಪರಾಧದ ದೂರು ತಗೊಳ್ಳುವ ಸೆನ್ ಠಾಣೆಯಿದೆ. ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್ಲಿಗೆ ಮನೆಯಿಂದಲೇ ದೂರು ಹಾಕಬಹುದು. ಎಲ್ಲಿ ಹೋದರೂ ಮೊದಲು ಕೇಳುವುದು, ಸಾಕ್ಷಿ ಎಲ್ಲಿ ಅಂತ. ಆದ್ದರಿಂದ ಬ್ಲಾಕ್ ಮಾಡುವ ಮುಂಚೆ ಸಂದೇಶದ ಚಿತ್ರ ಇಟ್ಟುಕೋ, ದಿನ, ಗಂಟೆ ಕಾಣುವ ಹಾಗೆ. ಅವನ ಹೆಸರೊಂದೇ ಸಾಲದು, ಹೆಸರು ಬದಲಾಯಿಸಿಬಿಡ್ತಾನೆ. ಖಾತೆಯ ಲಿಂಕೂ ಬೇಕು ಅಂದೆ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಣ್ಣ ಮೆಲ್ಲಗೆ ಒಳಗೆ ಬಂದ.

"ಬೆಳಗ್ಗೆ ಬಂದದ್ದೊಂದು ಹಂಗೇ ಅದೆ" ಅಂದಳು ಹುಡುಗಿ.

ಬಸ್ಸು ಬಂತು. ನಾನು ಹತ್ತುವಾಗ ಅಣ್ಣತಂಗಿ ಇಬ್ಬರೂ ಒಂದೇ ಫೋನಿನ ಮೇಲೆ ಬಗ್ಗಿದ್ದರು. ಲಿಂಕ್ ಎಲ್ಲಿ ಸಿಗುತ್ತೆ ಅಂತ ಹುಡುಕುತ್ತಿದ್ದವನು ಅವನೇ.